ಮಾರಾಟಕ್ಕಿಲ್ಲದ ಮದ್ದು: ಮಾನಸಿಕ ಒತ್ತಡದ ಇತಿಹಾಸದಿಂದ ಒಂದು ಪಾಠ

‘ಒತ್ತಡ’ ಎಂಬ ಮಾತು ಕೇಳಿಬರದ ಮನೆ ಇಂದು ಅಪರೂಪ. ಪರೀಕ್ಷೆಗೆ ಓದುವ ಬಾಲಕನಿಂದ ಹಿಡಿದು ವರ್ಷಾಂತ್ಯದ ಲೆಕ್ಕಕ್ಕೆ ಕುಳಿತ ವರ್ತಕನವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಆದರೆ ವೈದ್ಯಶಾಸ್ತ್ರದ ಪದವಾಗಿ ಇದು ರೂಢಿಗೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಈ ಅಲ್ಪಕಾಲದ ಇತಿಹಾಸದಲ್ಲಿ ಆರೋಗ್ಯದ ಪಾಠದೊಡನೆ ನೀತಿಯ ಪಾಠವೂ ಅಡಗಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

1890ರ ದಶಕದ ಕೊನೆಯಲ್ಲಿ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ವಿದ್ಯಾರ್ಥಿ ವಾಲ್ಟರ್ ಕ್ಯಾನನ್, ಆಗಷ್ಟೇ ಬೆಳಕಿಗೆ ಬಂದಿದ್ದ ಕ್ಷ-ಕಿರಣದ ನೆರವಿನಿಂದ ಬೆಕ್ಕುಗಳ ಜೀರ್ಣಕ್ರಿಯೆಯನ್ನು ಪರಿಶೀಲಿಸುತ್ತಿದ್ದರು. ಬೆಕ್ಕು ಕಳವಳಗೊಂಡಾಗ ಅದರ ಜಠರದ ಚಲನೆ ನಿಂತುಹೋಗುತ್ತಿತ್ತು; ಶಾಂತವಾದಾಗ ಮರಳಿ ಆರಂಭವಾಗುತ್ತಿತ್ತು. ಇಂತಹ ಅನೇಕ ಅವಲೋಕನಗಳನ್ನು ಕ್ರೋಡೀಕರಿಸಿ 1915ರಲ್ಲಿ ಅವರು ಗ್ರಂಥವೊಂದನ್ನು ಹೊರತಂದರು. ಭಯ, ಕ್ರೋಧಗಳು ಉಂಟಾದಾಗ ಶರೀರವು ಹೋರಾಟಕ್ಕೆ ಇಲ್ಲವೆ ಪಲಾಯನಕ್ಕೆ ಸಿದ್ಧವಾಗುತ್ತದೆ. ಹೃದಯದ ಬಡಿತ ಏರುತ್ತದೆ. ರಕ್ತವು ಮಾಂಸಖಂಡಗಳತ್ತ ಧಾವಿಸುತ್ತದೆ ಎಂಬುದು ಅವರ ನಿರೂಪಣೆ. ಹುಲಿಯ ಎದುರಿನಲ್ಲಿ ಈ ಸಿದ್ಧತೆ ಪ್ರಾಣರಕ್ಷಕವೇ ಸರಿ. ಆದರೆ ಬ್ಯಾಂಕಿನ ನೋಟೀಸಿನ ಎದುರಿನಲ್ಲಿ ಹೋರಾಡುವಂತೆಯೂ ಇಲ್ಲ, ಓಡುವಂತೆಯೂ ಇಲ್ಲ. ಸಿದ್ಧತೆ ಮಾತ್ರ ಒಳಗೇ ಉಳಿದು ದೇಹವನ್ನು ಸವೆಸುತ್ತದೆ.

ಈ ಸವೆತವನ್ನು ವಿಶದಪಡಿಸಿದವರು 1907ರಲ್ಲಿ ವಿಯೆನ್ನಾದಲ್ಲಿ ಜನಿಸಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿದ ಹ್ಯಾನ್ಸ್ ಸೆಲ್ಯೆ. ಚಳಿ, ಗಾಯ, ಅತಿಶ್ರಮ, ಔಷಧ, ಹೀಗೆ ಯಾವುದರಿಂದ ಪೀಡಿಸಿದರೂ ಇಲಿಗಳಲ್ಲಿ ಒಂದೇ ಬಗೆಯ ಬದಲಾವಣೆಗಳು ಕಾಣಿಸಿಕೊಳ್ಳುತ್ತವೆಂದು 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ವರದಿ ಮಾಡಿದರು. ಮೊದಲು ಎಚ್ಚರಿಕೆ, ಅನಂತರ ಪ್ರತಿರೋಧ, ಕೊನೆಗೆ ಬಳಲಿಕೆ ಎಂಬ ಮೂರು ಹಂತಗಳನ್ನು ಅವರು ಗುರುತಿಸಿದರು. ಈ ಅರಿವಿಗಾಗಿ ಮೂಕಪ್ರಾಣಿಗಳು ತೆತ್ತ ಬೆಲೆಯನ್ನು ಅಹಿಂಸೆಯಲ್ಲಿ ನಂಬಿಕೆಯುಳ್ಳವರು ಮರೆಯುವಂತಿಲ್ಲ. 1956ರಲ್ಲಿ ಪ್ರಕಟವಾದ ಸೆಲ್ಯೆಯವರ ಜನಪ್ರಿಯ ಗ್ರಂಥವು ಒತ್ತಡದ ವಿಚಾರವನ್ನು ಸಾಮಾನ್ಯ ಓದುಗರಿಗೆ ತಲುಪಿಸಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನ್ಯಾಯಾಲಯದ ವ್ಯಾಜ್ಯಗಳಿಂದಾಗಿ ತಂಬಾಕು ಕಂಪನಿಗಳ ಒಳಕಾಗದಗಳು ಬಹಿರಂಗಗೊಂಡವು. ಅವನ್ನು ಶೋಧಿಸಿದ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಲೇಖನದಿಂದ, ಸೆಲ್ಯೆಯವರು ಆ ಉದ್ಯಮದಿಂದ ಹೇರಳ ಧನಸಹಾಯ ಪಡೆದಿದ್ದರೆಂಬುದು ವಿವರವಾಗಿ ತಿಳಿದುಬಂದಿತು. 1969ರಲ್ಲಿ ಅವರು ಕೆನಡಾ ಸಂಸತ್ತಿನ ಸಮಿತಿಯ ಮುಂದೆ ಹಾಜರಾಗಿ ಧೂಮಪಾನ ನಿಯಂತ್ರಣದ ಕಾನೂನಿಗೆ ವಿರುದ್ಧವಾಗಿ ಸಾಕ್ಷ್ಯ ನುಡಿದಿದ್ದರು. ಧೂಮಪಾನವು ಒತ್ತಡವನ್ನು ಕಳೆಯುವ ಒಂದು ಉಪಾಯವೆಂಬ ವಾದಕ್ಕೆ ಅವರ ಹೆಸರು ಬೆಂಬಲವಾಯಿತು. ವಾಸ್ತವದಲ್ಲಿ ನಿಕೋಟಿನ್ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಸೇದಿದಾಗ ದೊರೆಯುವ ಸಮಾಧಾನವು ಬಹುಮಟ್ಟಿಗೆ ಆ ಚಟವೇ ಹುಟ್ಟಿಸಿದ ಚಡಪಡಿಕೆಯ ತಾತ್ಕಾಲಿಕ ಶಮನ. ಹಳೆಯ ಸಾಲದ ಬಡ್ಡಿ ಕಟ್ಟಲು ಅದೇ ಸಾಹುಕಾರನಿಂದ ಹೊಸ ಸಾಲ ತಂದಂತೆ! ರೋಗವನ್ನು ಚೆನ್ನಾಗಿ ಬಲ್ಲವರೇ ಹುಸಿ ಮದ್ದಿಗೆ ಸಾಕ್ಷಿಯಾದುದು ಈ ಇತಿಹಾಸದ ಅತ್ಯಂತ ಖೇದಕರ ಅಧ್ಯಾಯ.

ಇದಕ್ಕೆ ಪ್ರತಿಯಾಗಿ ಕಾಸು ಖರ್ಚಿಲ್ಲದ ಮದ್ದುಗಳು ಸದ್ದಿಲ್ಲದೆ ಬೆಳಕಿಗೆ ಬರುತ್ತಿದ್ದವು. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿಯ ಎರಡಂತಸ್ತಿನ ಬಸ್ಸುಗಳ ನೌಕರರ ಆರೋಗ್ಯದ ದಾಖಲೆಗಳನ್ನು ಪರಿಶೀಲಿಸಿದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಟಿಕೆಟ್ ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಚಾಲಕರ ಮನಸ್ಸಿನ ಉದ್ವೇಗವೇ ಇದಕ್ಕೆ ಕಾರಣವಿರಬಹುದೆ? ಈ ಸಂದೇಹ ಪರಿಹಾರಕ್ಕಾಗಿ ಅವರು ಅಂಚೆ ಇಲಾಖೆಯನ್ನೂ ನೋಡಿದರು. ಅಲ್ಲಿಯೂ ಮೇಜಿನ ಮುಂದೆ ಕುಳಿತ ಗುಮಾಸ್ತರಿಗಿಂತ ನಡೆದು, ಸೈಕಲ್ ತುಳಿದು ಪತ್ರ ಹಂಚುವವರ ಸ್ಥಿತಿಯೇ ಉತ್ತಮವಾಗಿತ್ತು. ಈ ವರದಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಷ್ಟಕ್ಕೇ ತೃಪ್ತರಾಗದೆ, 1956ರಲ್ಲಿ ನೌಕರರ ಸಮವಸ್ತ್ರದ ಸೊಂಟದ ಅಳತೆಗಳನ್ನೇ ತಾಳೆ ನೋಡಿ, ಚಾಲಕರು ಕೆಲಸಕ್ಕೆ ಸೇರುವಾಗಲೇ ತುಸು ಸ್ಥೂಲರಾಗಿದ್ದರೆಂಬ, ತಮ್ಮ ವಾದಕ್ಕೆ ತೊಡಕಾಗಬಲ್ಲ ಅಂಶವನ್ನೂ ಅವರು ಮುಚ್ಚಿಡದೆ ಪ್ರಕಟಿಸಿದರು. ಪ್ರಾಮಾಣಿಕ ಲೆಕ್ಕವೆಂದರೆ ಇದು. ಮುಂದೆ ಇತರರು ನಡೆಸಿದ ಅನೇಕ ಅಧ್ಯಯನಗಳು ಶರೀರಶ್ರಮದ ಹಿತವನ್ನು ಎತ್ತಿಹಿಡಿದವು. ಮಾರಿಸ್ ತಾವೂ ವ್ಯಾಯಾಮವನ್ನು ರೂಢಿಸಿಕೊಂಡು, 2009ರಲ್ಲಿ ತಮ್ಮ 99ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಎರಡನೆಯ ಮದ್ದು ಮೌನ. ಕ್ಯಾನನ್ ದುಡಿದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿಯೇ ಹರ್ಬರ್ಟ್ ಬೆನ್ಸನ್ ಎಂಬ ಹೃದ್ರೋಗತಜ್ಞರು ಧ್ಯಾನಾಭ್ಯಾಸಿಗಳನ್ನು ಪರೀಕ್ಷಿಸಿದರು. ಧ್ಯಾನಕಾಲದಲ್ಲಿ ದೇಹವು ಬಳಸುವ ಆಮ್ಲಜನಕ ಕಡಿಮೆಯಾಗಿ ಉಸಿರಾಟವೂ ನಿಧಾನವಾಗುತ್ತಿತ್ತು. ಕ್ಯಾನನ್ ಕಂಡ ಉದ್ವೇಗಕ್ಕೆ ಇದು ಪ್ರತಿಸ್ಥಿತಿ. ಇದಕ್ಕೆ ವಿಶೇಷ ಮಂತ್ರವಾಗಲಿ ದೀಕ್ಷೆಯಾಗಲಿ ಅನಿವಾರ್ಯವಲ್ಲವೆಂದು 1975ರ ತಮ್ಮ ಗ್ರಂಥದಲ್ಲಿ ಅವರು ತಿಳಿಸಿದರು. ಶಾಂತವಾಗಿ ಕುಳಿತು, ಉಸಿರು ಬಿಡುವಾಗಲೆಲ್ಲ ಒಂದು ಪದವನ್ನು ಮನದಲ್ಲಿ ನೆನೆಯುತ್ತ, ನುಗ್ಗಿಬರುವ ಆಲೋಚನೆಗಳೊಡನೆ ಜಗಳವಾಡದೆ ಹತ್ತಿಪ್ಪತ್ತು ನಿಮಿಷ ಇರುವುದು, ಅಷ್ಟೇ ಅವರ ವಿಧಾನ. ಎರಡು ಗಳಿಗೆ ಸಾಮಾಯಿಕಕ್ಕೆ ಕುಳಿತು ಅಭ್ಯಾಸವಿರುವ ವಾಚಕರಿಗೆ ಇದು ಅಪರಿಚಿತವೆನಿಸದು; ಸಾಮಾಯಿಕದ ಗುರಿ ಬೇರೆಯಾದರೂ ದೇಹಕ್ಕೆ ದೊರೆಯುವ ವಿಶ್ರಾಂತಿ ಬೇರೆಯಲ್ಲ.

ವ್ಯಾಪಾರದ ಒಂದು ಸತ್ಯ ಇಲ್ಲಿ ಸ್ಮರಣೀಯ. ಲಾಭ ತರುವ ಸರಕಿಗೆ ಜಾಹೀರಾತು ಇರುತ್ತದೆ, ಲಾಭವಿಲ್ಲದುದಕ್ಕೆ ಇರುವುದಿಲ್ಲ. ನಡಿಗೆಗೆ ಏಜೆಂಟನಿಲ್ಲ, ಮೌನಕ್ಕೆ ಅಂಗಡಿಯಿಲ್ಲ. ಇಂದು ಉಸಿರಾಟವನ್ನೂ ಮೊಬೈಲಿನಲ್ಲಿ ಚಂದಾ ಪಡೆದು ಕಲಿಸುವವರಿದ್ದಾರೆ. ಆದುದರಿಂದ ಮನಶ್ಶಾಂತಿಯ ಹೆಸರಿನಲ್ಲಿ ಏನನ್ನಾದರೂ ನೀಡಬಂದಾಗ, ಇದರಿಂದ ಲಾಭ ಯಾರಿಗೆ ಎಂದು ಕೇಳಿಕೊಳ್ಳುವುದು ವಿವೇಕ.

ದಿನಕ್ಕೆ ಅರ್ಧ ಗಂಟೆಯ ನಡಿಗೆ, ಕೆಲಹೊತ್ತಿನ ಮೌನ, ಹೊತ್ತಿಗೆ ಸರಿಯಾದ ನಿದ್ರೆ, ಆಪ್ತರೊಡನೆ ಮನಬಿಚ್ಚಿದ ಮಾತು, ಇವು ಯಾರ ಕೈಗೂ ಎಟುಕುವಂಥವು. ಇವುಗಳಿಂದಲೂ ವಾರಗಟ್ಟಲೆ ಖಿನ್ನತೆ ಹಿಂಗದಿದ್ದರೆ ಸಂಕೋಚಪಡದೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸೇವೆ 14416 ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಅಂಗಡಿಯ ಬಾಗಿಲು ಹಾಕುವ ಮುನ್ನ ದಿನದ ಲೆಕ್ಕ ನೋಡುವ ನಾವು, ಇಂದು ನಡೆದೆವೆ, ಸುಮ್ಮನೆ ಕುಳಿತೆವೆ, ಯಾರೊಡನಾದರೂ ಮನಸ್ಸು ಹಂಚಿಕೊಂಡೆವೆ ಎಂಬ ಲೆಕ್ಕವನ್ನೂ ನೋಡಿಕೊಳ್ಳುವಂತಾಗಲಿ.