ಟಿಕೀಟಿನ ಕಿಂಡಿ

ಕೊಪ್ಪಳ ಸೀಮೆಯ ಚರಿತ್ರೆ ಬರೆಯುವ ಪಂಡಿತರು ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನದಿಂದ ಹೊರಟು ಆನೆಗೊಂದಿಯ ಅರಸರ ಹತ್ತಿರ ಬಂದು ನಿಲ್ಲುತ್ತಾರೆ. ನನ್ನ ಚರಿತ್ರೆ ಶುರುವಾಗುವುದು ಗಂಗಾವತಿ ಪೇಟೆಯ ನಡುವೆ ಇದ್ದ ಒಂದು ಟಾಕೀಜಿನ ಟಿಕೀಟು ಕಿಂಡಿಯಿಂದ. ಈಗ ಅದಿಲ್ಲ, ಆ ಜಾಗದಾಗ ಅಂಗಡಿ ಸಾಲು ಎದ್ದಾವ. ಅದರ ಹೆಸರು ಬರೆಯುವುದಿಲ್ಲ. ನಮ್ಮ ಕೇರಿಯವರಿಗೆ ಅದು ಬರೇ 'ಟಾಕೀಜು'.

1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿಯ ಮಣ್ಣಿಗೆ ಬೆಲೆ ಬಂತು. ಆಂಧ್ರದ ರೈತರು ಜಮೀನು ಕೊಂಡರು, ಕ್ಯಾಂಪುಗಳು ಎದ್ದವು, ಅಕ್ಕಿ ಗಿರಣಿಗಳು ಬಂದವು, ಅವುಗಳ ಹಿಂದೆಯೇ ತೆಲುಗು ಸಿನಿಮಾ ಬಂತು. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಿಂದ ನಮ್ಮ ಜನ ನಾಟಿಗೆ, ಕೊಯ್ಲಿಗೆ ಈ ಕಡೆ ದುಡಿಯಲು ಬಂದರು. ನೀರು ಹರಿದ ಹೊಲ ನಮ್ಮದಾಗಲಿಲ್ಲ, ಸಸಿ ಹಚ್ಚುವ ಕೈ ಮಾತ್ರ ನಮ್ಮವು. ಆ ಕೂಲಿಯ ಚಿಲ್ಲರೆಯಿಂದಲೇ ಟಾಕೀಜಿನ ನೆಲ ತುಂಬುತ್ತಿತ್ತು. ಪೋಸ್ಟರ್ ಬಂಡಿಯ ಮುಂದೆ ಹಲಗಿ ಬಾರಿಸುತ್ತಿದ್ದವನೂ ನಮ್ಮ ಕಾಕಾನೇ.

ಟಾಕೀಜಿನ ಎದುರು ಹೋಟೆಲಿತ್ತು. ಅಲ್ಲಿ ನಮಗೆ ಬೇರೆ ಕಪ್ಪು. ಕುಡಿದು ನಾವೇ ತೊಳೆದಿಡಬೇಕು. ರೊಕ್ಕ ಕಟ್ಟೆಯ ಮೇಲಿಡಬೇಕು, ಕೈಗೆ ಕೊಡುವಂತಿಲ್ಲ. ಟಾಕೀಜಿನ ಕಿಂಡಿಯಲ್ಲಿ ಮಾತ್ರ ನಾಕಾರು ಕೈ ಒಮ್ಮೆಗೇ ತೂರುತ್ತಿದ್ದವು. ಯಾವ ಕೈ ಯಾರದು ಅಂತ ಒಳಗಿನವನಿಗೆ ತಿಳಿಯುತ್ತಿರಲಿಲ್ಲ. "ಇಲ್ಲಿ ಯಾರೂ ನಮ್ಮ ಕೇರಿ ಯಾವುದಂತ ಕೇಳೂದಿಲ್ಲೋ ಯಪ್ಪಾ" ಅನ್ನುತ್ತಿದ್ದಳು ನಮ್ಮವ್ವ. ಉಡುಪಿಯ ಕನಕನ ಕಿಂಡಿಯ ಮಹಿಮೆ ಹೇಳುವವರು ಬಹಳ ಮಂದಿ. ಅದು ಹೊರಗೆ ನಿಂತು ನೋಡುವ ಕಿಂಡಿ. ಇದು ಒಳಗೆ ಬಿಡುವ ಕಿಂಡಿ.

ಒಳಗಿನ ಸಮಾನತೆ ಎಂಥದ್ದು? ತೆರೆಯ ಮುಂದಿನ ನೆಲಕ್ಕೆ ಗಾಂಧಿ ಕ್ಲಾಸು ಅನ್ನುತ್ತಿದ್ದರು. ನಮಗೆ ಹರಿಜನ ಎಂಬ ಹೆಸರನ್ನು ಚಲಾವಣೆಗೆ ತಂದವರ ಹೆಸರೇ ಆ ನೆಲಕ್ಕೂ! ಒಮ್ಮೆ ಇಂಟರ್‌ವಲ್ಲಿಗೆ ದೀಪ ಹತ್ತಿದಾಗ ನನ್ನ ಪಕ್ಕ ಕೂತಿದ್ದವನು ನಮ್ಮೂರ ಗೌಡರ ಮಗ. ನನ್ನ ಮುಖ ನೋಡಿ ಎದ್ದು ಹೋದ. ಮರುದಿನ ಅಪ್ಪನನ್ನು ಚಾವಡಿಗೆ ಕರೆಸಿದರು. "ನಿನ್ನ ಮಗ ಮೈಗೆ ಮೈ ಹಚ್ಚಿ ಕೂತಿದ್ನಂತಲ್ಲ?" ಅಪ್ಪ ಕೈಮುಗಿದು "ತಪ್ಪಾತ್ರಿ ಗೌಡ್ರ" ಅಂದ. ಅವತ್ತಿನಿಂದ ನಾನು ದೀಪ ಹತ್ತುವ ಮೊದಲೇ ಎದ್ದು ಗೋಡೆಗೆ ನಿಲ್ಲುವುದನ್ನು ಕಲಿತೆ.

ತೆರೆಯ ಮೇಲೂ ನಾವಿರಲಿಲ್ಲ. 'ಬಂಗಾರದ ಮನುಷ್ಯ' (1972) ಚಿತ್ರದಲ್ಲಿ ಬಂಜರು ನೆಲ ಬಂಗಾರವಾಗುತ್ತದೆ. ತುಂಡು ಭೂಮಿಯಿಲ್ಲದ ನಾವು ನೆಲದ ಮೇಲೆ ಕೂತು ಸೀಟಿ ಹೊಡೆದೆವು. ರಾಷ್ಟ್ರಪ್ರಶಸ್ತಿ ಪಡೆದ 'ಚೋಮನ ದುಡಿ' (1975) ನಾನು ನೋಡಿದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿ ನಮ್ಮವನಿದ್ದ. ಆದರೆ ಭೂಮಿ ಸಿಗದೆ ಸತ್ತ.

ಟಾಕೀಜು ಹೋಯಿತೆಂದು ನಿಟ್ಟುಸಿರು ಬಿಡುವವರ ಬರಹ ಓದುತ್ತೇನೆ. ಅವು ಬಾಲ್ಕನಿಯ ನೆನಪುಗಳು. 2014ರ ಆಗಸ್ಟ್ 28ರಂದು ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಕಿಡಿ ಹಾರಿದ್ದು ಪೇಟೆಯ ಚಿತ್ರಮಂದಿರವೊಂದರಲ್ಲಿ ಆದ ಜಗಳದಿಂದ. ಸೌದೆ ಮೊದಲೇ ಒಟ್ಟಿತ್ತು: ಕ್ಷೌರದಂಗಡಿಗೆ, ಹೋಟೆಲಿಗೆ ನಮಗೇಕೆ ಪ್ರವೇಶವಿಲ್ಲ ಎಂದು ಅವರು ಕೇಳಿದ್ದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೋಗಿ, ಬಹುತೇಕರಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು.

ನಮ್ಮ ಎಳೆಯರು ಈಗ ಮೊಬೈಲಿನಾಗ ಟಿಕೀಟು ತೆಗೆಸತಾರ. ಅಲ್ಲಿಯೂ ಕೈ ಕಾಣೂದಿಲ್ಲ. ನಾನು ಟಾಕೀಜಿಗಾಗಿ ಅಳುವುದಿಲ್ಲ, ಹಾಗಂತ ಅದನ್ನು ಮರೆಯುವುದೂ ಇಲ್ಲ. ಅವ್ವನಿಗೆ ವಾರಕ್ಕೆ ಮೂರು ತಾಸು ಕೇರಿ ಮರೆಸಿದ್ದು ಅದೊಂದೇ. ಕತ್ತಲೆ ಕೊಟ್ಟ ಸಮಾನತೆ ಕತ್ತಲೆಯ ಜೊತೆಗೇ ಹೋಗುತ್ತದೆ. ನಮಗೆ ಬೇಕಾದದ್ದು ದೀಪ ಹತ್ತಿದಾಗಲೂ ಕೂತಲ್ಲೇ ಕೂತಿರುವ ಹಕ್ಕು.