ಆತಕೂರಿನ ಕಾಳಿ, ಗಂಜಾಮಿನ ಕರಿಯ

ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರಲ್ಲಿ ಒಂದು ನಾಯಿಗಾಗಿ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧವಾಯಿತಲ್ಲ, ಅಲ್ಲಿ ಗಂಗರ ಬೂತುಗನ ಕಡೆಯ ಮಣಲೆರ ಚೆನ್ನಾಗಿ ಕಾದಿದ್ದ. ಮೆಚ್ಚಿದ ಬೂತುಗ ಬೇಕಾದ್ದನ್ನು ಕೇಳು ಎಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಮೊರಡಿಯಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟು, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಕೊಟ್ಟರು.

ಶಾಸನದ ಕೊನೆಯ ಭಾಗ ನನ್ನನ್ನು ಬಹಳ ದಿನ ಕಾಡಿದೆ. ಕಲ್ಲನ್ನು ಪೂಜಿಸದೆ ಉಂಡರೆ, ಗುಡಿಯನ್ನು ನೋಡಿಕೊಳ್ಳುವ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದಂತೆ. ಯಾವ ಪಾಪ? ಪೂಜೆಗೆ ಅರ್ಹವಾದ ನಾಯಿಗೆ ಪಾಪ ಎಲ್ಲಿಂದ ಬಂತು? ಕೊಂದದ್ದೇ ಪಾಪ ಎಂದು ನಾನು ಓದಿಕೊಳ್ಳುತ್ತೇನೆ. ಹಂದಿಯ ಮೇಲೆ ಬಿಟ್ಟವರು ಮನುಷ್ಯರು, ಲೆಕ್ಕ ಬಿದ್ದದ್ದು ಮಾತ್ರ ನಾಯಿಯ ಹೆಸರಿಗೆ.

ಈ ಲೆಕ್ಕ ಇನ್ನೂ ಹಾಗೇ ನಡೆದಿದೆ. ಗಂಜಾಮಿನ ನಮ್ಮ ಮನೆಯ ಕರಿಯ, ಸಿಲಿಂಡರ್ ತಂದ ಹುಡುಗನ ಪ್ಯಾಂಟು ಹಿಡಿದು ಹರಿದಾಗ ಪಕ್ಕದ ಮನೆಯ ಅಜ್ಜಿ, "ಹೊಳೆ ಆಚ್ಗೆ ಬುಟ್ಬುಟ್ಟು ಬಾ ಮಗ" ಎಂದುಬಿಟ್ಟರು. ಬೀದಿಯ ತೀರ್ಪೂ ಅದೇ. ಅಪ್ಪ ಅರ್ಧ ಒಪ್ಪಿದ್ದರು. ಮೈಸೂರಿನಿಂದ ಬಂದ ಪ್ರಾಣಿ ವರ್ತನಾ ತಜ್ಞೆ ಮೊದಲು ಪಶುವೈದ್ಯರ ಬಳಿ ಕಳಿಸಿದರು, ನೋವಿದ್ದರೂ ನಾಯಿ ಕಚ್ಚುತ್ತದೆ ಎಂದು. ನೋವಿರಲಿಲ್ಲ. ಆಮೇಲೆ ಒಂದು ನೋಟ್‌ಬುಕ್ ಇಡಲು ಹೇಳಿದರು: ಕಚ್ಚಲು ಹೋಗುವ ಮುಂಚೆ ಏನಾಯಿತು, ಯಾರು ಬಂದರು, ಎಷ್ಟು ದೂರದಲ್ಲಿದ್ದರು. ಶಾಸನ ಓದುವವಳಿಗೆ ಇದು ಪರಿಚಯದ ಕೆಲಸವೇ. ಎರಡು ವಾರಕ್ಕೆ ಉತ್ತರ ಸಿಕ್ಕಿತು. ಹೆಲ್ಮೆಟ್. ಮೂವತ್ತು ಅಡಿ ದೂರದಲ್ಲಿ ಹೆಲ್ಮೆಟ್ ಕಂಡರೆ ಕರಿಯ ನೋಡಿ ಸುಮ್ಮನಾಗುತ್ತಿದ್ದ, ಹದಿನೈದಕ್ಕೆ ಬಂದರೆ ಮೈ ಬಿಗಿಯುತ್ತಿತ್ತು. ಅದನ್ನು ನಾವೆಲ್ಲ ಕೋಪ ಎನ್ನುತ್ತಿದ್ದೆವು. ತಜ್ಞೆ ಹೆದರಿಕೆ ಎಂದರು.

ಚಿಕಿತ್ಸೆಗೆ ನೂರು ವರ್ಷದ ಚರಿತ್ರೆಯಿದೆ. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗ ತನಗಿಷ್ಟವಾದದ್ದನ್ನು ತಿನ್ನುತ್ತಿರುವಾಗ, ಪಂಜರದ ಮೊಲವನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪ ಹತ್ತಿರ ತಂದು ಭಯ ಬಿಡಿಸಿದವರು ಅಮೆರಿಕದ ಮೇರಿ ಕವರ್ ಜೋನ್ಸ್. ಅವರು ಅದನ್ನು ಪ್ರಕಟಿಸಿದ್ದು 1924ರಲ್ಲಿ. ನಮ್ಮಲ್ಲಿ ಮೊಲದ ಜಾಗಕ್ಕೆ ಹೆಲ್ಮೆಟ್, ಸಿಹಿಯ ಜಾಗಕ್ಕೆ ಬೇಯಿಸಿದ ಕೋಳಿ. ಮೈ ಬಿಗಿದರೆ ಹಿಂದೆ ಸರಿಯಬೇಕು. ಗುರ್ ಎಂದರೆ ಗದರಬಾರದು. ಅದು ಎಚ್ಚರಿಕೆ, ಅದನ್ನು ಅಡಗಿಸಿದರೆ ಮುಂದಿನ ಸಲ ನೇರ ಹಲ್ಲೇ. ಗೇಟಿನ ಬಳಿ ಬಾಯಿಗೆ ಬುಟ್ಟಿ ಕಡ್ಡಾಯ.

ನಾಯಿಗೆ ಮನೆಯಲ್ಲಿ ಯಜಮಾನ ಯಾರೆಂದು ತೋರಿಸಬೇಕು ಎನ್ನುವವರು ಇವತ್ತಿಗೂ ಸಿಗುತ್ತಾರೆ. ಆ ವಾದ ಸೆರೆಯಲ್ಲಿದ್ದ ತೋಳಗಳ ಮೇಲೆ ರುಡಾಲ್ಫ್ ಶೆಂಕಲ್ 1947ರಲ್ಲಿ ಬರೆದದ್ದರಿಂದ ಬೆಳೆದದ್ದು. ಅದನ್ನು ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಅವರೇ, ಕಾಡಿನ ತೋಳದ ಗುಂಪು ಅಪ್ಪ ಅಮ್ಮ ಮರಿಗಳ ಸಂಸಾರ ಎಂದು 1999ರಲ್ಲಿ ತಿದ್ದಿ ಬರೆದರು. ಬೆತ್ತದವರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ನಾಲ್ಕು ತಿಂಗಳಾಯಿತು. ಹನ್ನೆರಡು ಅಡಿಯಲ್ಲಿ ಹೆಲ್ಮೆಟ್ ಇದ್ದರೂ ಕರಿಯ ಕೋಳಿ ತಿನ್ನುತ್ತಾನೆ. ಎಂಟಕ್ಕೆ ಇನ್ನೂ ಆಗಿಲ್ಲ. ದಸರೆಗೆ ಕಿರಂಗೂರಿನ ಬನ್ನಿಮಂಟಪದಿಂದ ಮೆರವಣಿಗೆ ಹೊರಡುವ ದಿನ ಅವನನ್ನು ಒಳಕೋಣೆಯಲ್ಲಿ ಫ್ಯಾನ್ ಹಾಕಿ ಇರಿಸಿ ಎಂದು ತಜ್ಞೆ ಈಗಲೇ ಹೇಳಿದ್ದಾರೆ.