ಹಂದಿಗೋಡು ಕಾಯಿಲೆ

ಸೊಂಟ ಮತ್ತು ಮಂಡಿಯ ಕೀಲುಗಳನ್ನು ಸವೆಸುವ ಆನುವಂಶಿಕ ರೋಗ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಬೆಳಕಿಗೆ ಬಂದದ್ದರಿಂದ ಈ ಹೆಸರು. ಈ ತಾಲೂಕಿನಲ್ಲಷ್ಟೇ ಅಲ್ಲ, ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಂಡಿದೆ. ರೋಗಿಗಳು ಬಹುಪಾಲು ಚಲವಾದಿ ಮತ್ತು ಚನ್ನಂಗಿ ಸಮುದಾಯದವರು, ಗದ್ದೆಯ ಕೂಲಿಕಾರರು. ನೋವಿನಿಂದ ಶುರುವಾಗಿ ನಡಿಗೆ ಕುಂಟುತ್ತದೆ, ಉಲ್ಬಣಿಸಿದಾಗ ತೆವಳಬೇಕಾಗುತ್ತದೆ. ಕೆಲವರಲ್ಲಿ ಕುಳ್ಳುತನವೂ ಇರುತ್ತದೆ.

ಮೊದಲ ಬರಹಗಳು ಇದನ್ನು ಸಂಧಿವಾತವೆಂದೇ ಕರೆದದ್ದರಿಂದ ರುಮಟಾಯ್ಡ್ ಸಂಧಿವಾತದ ಜೊತೆ ಇದನ್ನು ಬೆರೆಸಲು ಎಡೆಯಾಯಿತು. ಎರಡೂ ಬೇರೆ. ರುಮಟಾಯ್ಡ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆರಗುತ್ತದೆ. ಸಾಮಾನ್ಯವಾಗಿ ಬೆರಳು, ಮಣಿಕಟ್ಟುಗಳು ಮೊದಲು ಊದುತ್ತವೆ. ಹೆಂಗಸರಲ್ಲಿ ಗಂಡಸರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ಈ ಗಂಡು-ಹೆಣ್ಣು ಅಂತರದ ಮೊದಲ ಸಾಕ್ಷಿಯೆಂದು ಫ್ರೆಂಚ್ ವೈದ್ಯ ಲಾಂಡ್ರೆ-ಬೋವೆಯ 1800ರ ಪ್ರಬಂಧವನ್ನು ತೋರಿಸುವುದುಂಟು, ಅವನ ಒಂಬತ್ತೂ ರೋಗಿಗಳು ಹೆಂಗಸರು. ಆದರೆ ಅವನು ಅವರನ್ನು ಕಂಡದ್ದು ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್‌ನಲ್ಲಿ. ಅದು ಆಗ ಹೆಂಗಸರದೇ ಆಶ್ರಯಾಲಯ; ಅಲ್ಲಿ ಗಂಡಸು ರೋಗಿ ಸಿಗುವುದಾದರೂ ಹೇಗೆ? ಗಟ್ಟಿ ಸುಳಿವು ಸಿಕ್ಕಿದ್ದು ಅಮೆರಿಕದ ಫಿಲಿಪ್ ಹೆಂಚ್‌ರಿಂದ. ಬಸುರಿಯರಲ್ಲಿ ಈ ನೋವು ತಗ್ಗುವುದನ್ನು ಅವರು 1938ರಲ್ಲಿ ದಾಖಲಿಸಿದರು. ಆ ಜಾಡು 1948ರಲ್ಲಿ ಕಾರ್ಟಿಸೋನ್ ಚಿಕಿತ್ಸೆಗೆ, 1950ರಲ್ಲಿ ನೊಬೆಲ್‌ಗೆ ಮುಟ್ಟಿಸಿತು.

ಹಂದಿಗೋಡಿನಲ್ಲಿ ಹೆಣ್ಣುಮಕ್ಕಳ ಕಡೆಗೆ ಅಂಥ ವಾಲುವಿಕೆಯಿಲ್ಲ. ಗಂಡಾಗಲಿ ಹೆಣ್ಣಾಗಲಿ, ರೋಗ ಬರುವುದು ವಂಶದಿಂದ. ಕಾರಣದ ಚರ್ಚೆಯಲ್ಲಿ ಈ ಅಂಶಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಮಲೆನಾಡಿನ ಸ್ಥಳೀಯ, ಕೌಟುಂಬಿಕ ಸಂಧಿವಾತವೆಂದು ವರ್ಣಿಸಿತು. ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿ ತಿಂದದ್ದೇ ಮೂಲ ಎಂಬ ಊಹೆಯೂ ಅದೇ ಕಾಲದ್ದು. ಹಸಿರುಕ್ರಾಂತಿಯ ವಿಷಗಳ ಬಗ್ಗೆ ಆತಂಕ ಎದ್ದಿದ್ದ ದಿನಗಳಲ್ಲಿ ಅದು ಬೇಗ ಹಬ್ಬಿತು, ಪತ್ರಿಕಾ ಬರಹಗಳಲ್ಲಿ ಬಹುಕಾಲ ಉಳಿಯಿತು. ಅದೇ ಊರಿನ ಬೇರೆ ಮನೆತನಗಳನ್ನು ಬಿಟ್ಟು ಕೆಲವೇ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ರೋಗವನ್ನು ಏಡಿಯ ಕಥೆಯೊಂದೇ ವಿವರಿಸಲಾರದು.

1994ರಲ್ಲಿ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಎಸ್.ಎಸ್. ಅಗರವಾಲ್ ಮತ್ತು ಸಂಗಡಿಗರು ಎಕ್ಸ್‌-ರೇ ಆಧಾರದ ಮೇಲೆ ಇದನ್ನು ಬೆನ್ನುಮೂಳೆ ಹಾಗೂ ಉದ್ದ ಮೂಳೆಗಳ ತುದಿಯ ಬೆಳವಣಿಗೆಯ ದೋಷವೆಂದು, ಪ್ರಬಲ ಜೀನಿನಿಂದ ಬರುವಂಥದೆಂದು ಗುರುತಿಸಿದರು. ಅಂಥ ಜೀನು ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ, ಮಗನಿರಲಿ ಮಗಳಿರಲಿ, ಅದು ದಾಟುವ ಸಾಧ್ಯತೆ ಅರ್ಧದಷ್ಟು. ಒಳಬಳಗದ ಮದುವೆಗಳು ರೋಗವನ್ನು ಕೆಲವೇ ಸಮುದಾಯಗಳಲ್ಲಿ ಉಳಿಸಿದವು.

ಹೋಲಿಕೆಗೆ ಸಿಗುವುದು ದಕ್ಷಿಣ ಆಫ್ರಿಕದ ಜುಲುಲ್ಯಾಂಡಿನಿಂದ 1970ರಲ್ಲಿ ವರದಿಯಾದ ಮ್ಸೆಲೇನಿ ಕೀಲುರೋಗ. ಅಲ್ಲೂ ಸೊಂಟ ಸವೆಯುತ್ತದೆ, ಅಲ್ಲೂ ಒಂದೇ ಸೀಮೆಗೆ ರೋಗ ಅಂಟಿಕೊಂಡಿದೆ. ಆದರೆ ಅಲ್ಲಿ ನರಳುವವರಲ್ಲಿ ಹೆಂಗಸರೇ ಹೆಚ್ಚು.